ಕಡತ ಕಾಯುವವರು

ಶಾಲೆಯ ಕಂಪ್ಯೂಟರಿನಲ್ಲಿ ಕನ್ನಡದ ಉಬುಂಟು ತೆರೆದು ಏನಾದರೂ ಬರೆಯಲು ಕುಳಿತರೆ ಮೇಲಿನ ಸಾಲಿನಲ್ಲಿ ಮೊದಲು ಕಾಣುವ ಪದ ‘ಕಡತ’. ಇಂಗ್ಲಿಷಿನಲ್ಲಿ ಫೈಲ್ ಎಂದಿರುವ ಜಾಗ ಅದು. ಕಡತಗಳನ್ನು ತುಂಬಿಡುವ ಚೀಲಕ್ಕೆ ‘ಕಡತಕೋಶ’ ಎಂದು ಹೆಸರು. ಮಕ್ಕಳು ಮೌಸನ್ನು ಅದರ ಮೇಲೆ ಒತ್ತಿ ಮುಂದೆ ಹೋಗಿಬಿಡುತ್ತಾರೆ. ಸಮಾಜ ವಿಜ್ಞಾನ ಪಾಠ ಮಾಡುವ ನನಗೆ ಮಾತ್ರ ಆ ಪದ ಕಂಡಾಗಲೆಲ್ಲ ಕೈ ಒಂದು ಕ್ಷಣ ನಿಲ್ಲುತ್ತದೆ. ಯಾರು ಹುಡುಕಿ ಇಟ್ಟರೋ, ಪುಣ್ಯಾತ್ಮರು. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಯ ಮಣ್ಣಿನಲ್ಲಿ ಆ ಪದಕ್ಕೆ ಮುನ್ನೂರು ವರ್ಷಕ್ಕೂ ಹೆಚ್ಚಿನ ಬಾಳಿದೆ.

ಕಡತ ಎಂದರೆ ಈಗ ಕಚೇರಿಯಲ್ಲಿ ಕೆಂಪು ದಾರ ಕಟ್ಟಿದ ಕಾಗದದ ಕಟ್ಟು. ಮೊದಲು ಅದು ಕಾಗದವೇ ಅಲ್ಲ, ಬಟ್ಟೆ. ಉದ್ದನೆಯ ಹತ್ತಿಯ ಪಟ್ಟಿಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಎರಡು ಕಡೆಗೂ ಬಳಿದು ಒಣಗಿಸುತ್ತಿದ್ದರು. ಒಣಗಿದ ಮೇಲೆ ಸೀರೆಯ ನೆರಿಗೆ ಮಡಿಸುವ ಹಾಗೆ ಹಿಂದೆ ಮುಂದೆ ಮಡಿಸಿ ಎರಡು ತುದಿಗೆ ಮರದ ಹಲಗೆ ಕೂರಿಸುವುದು. ಕಪ್ಪು ಬಟ್ಟೆಯ ಮೇಲೆ ಬಳಪದಲ್ಲಿ ಬರೆದರೆ ಅಕ್ಷರ ಬೆಳ್ಳಗೆ ಮೂಡುತ್ತದೆ. ನಮ್ಮ ಬಾಲ್ಯದ ಸ್ಲೇಟನ್ನು ನೆನಪು ಮಾಡಿಕೊಳ್ಳಿ, ಆ ಸ್ಲೇಟನ್ನೇ ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೋಗುವಂತಿದ್ದರೆ ಹೇಗೆ, ಹಾಗೆ. 1810ರಲ್ಲಿ ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಈ ಕಡತವನ್ನು ಬಹಳ ಬೆರಗಿನಿಂದ ವರ್ಣಿಸಿದ್ದಾನೆ. ಅವನು ಗಮನಿಸಿದ ಎರಡು ಗುಣ ಮುಖ್ಯ: ಜೋಪಾನವಾಗಿಟ್ಟರೆ ಬಹುಕಾಲ ಬಾಳುತ್ತದೆ, ಬೇಕೆಂದರೆ ಅಳಿಸಿ ಮತ್ತೆ ಬರೆಯಲೂಬಹುದು. ಈ ಎರಡನೆಯ ಗುಣದ ಮಾತಿಗೆ ಆಮೇಲೆ ಬರುತ್ತೇನೆ.

ನಾನು ಹೇಳಹೊರಟಿರುವುದು ಕಡತವನ್ನು ಕಾಯುವ ಕೆಲಸದ ಬಗ್ಗೆ. ನನ್ನ ತಂಗಿಯ ಮಗನಿಗೆ ಅದೇ ಉದ್ಯೋಗ. ಬೆಂಗಳೂರಿನ ಒಂದು ಕಂಪನಿಯಲ್ಲಿ ಅವನು ಲಿನಕ್ಸ್ ಸಿಸ್ಟಮ್ ಅಡ್ಮಿನಿಸ್ಟ್ರೇಟರ್. 2020ರಲ್ಲಿ ಕೊರೊನಾ ಬಂದು ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ಸಾಗರದ ನಮ್ಮ ಮನೆಗೆ ಬಂದು ಮಹಡಿಯ ಕೋಣೆಯಲ್ಲಿ ಕುಳಿತ. ಒಂದು ವರ್ಷದ ಮೇಲೆ ಇದ್ದ. ಅವನ ಕೆಲಸವೇನೆಂದು ಅವನ ಅಮ್ಮನಿಗೆ ಅಂದಿಗೂ ಗೊತ್ತಿರಲಿಲ್ಲ, ಇಂದಿಗೂ ಗೊತ್ತಿಲ್ಲ. “ಏನೂ ಮಾಡುವುದಿಲ್ಲ ಕಣೆ, ಕಪ್ಪು ಪರದೆ ನೋಡುತ್ತಾ ಕೂತಿರುತ್ತಾನೆ” ಎನ್ನುತ್ತಾಳೆ. ಅದನ್ನೇ ಅವನಿಗೆ ಹೇಳಿದರೆ ನಕ್ಕ. “ಹೌದು ದೊಡ್ಡಮ್ಮ, ನಾನು ಏನೂ ಮಾಡದೆ ಕೂತಿದ್ದೇನೆ ಅಂದರೆ ಎಲ್ಲಾ ಸರಿಯಾಗಿದೆ ಅಂತ ಅರ್ಥ” ಎಂದ. ಗೃಹಿಣಿಯರಾದ ನಮಗೆ ಈ ಮಾತು ಬೇರೆಯವರು ಬಿಡಿಸಿ ಹೇಳಬೇಕೇ? ಅನ್ನ ಹೊತ್ತಿಗೆ ಸರಿಯಾಗಿ ಆದ ದಿನ ಒಲೆಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಪಾಪ, ಅಂಥವರನ್ನು ನೆನೆಯುವುದಕ್ಕೆಂದೇ ಜುಲೈ ತಿಂಗಳ ಕೊನೆಯ ಶುಕ್ರವಾರವನ್ನು 2000ದಿಂದ ಈಚೆಗೆ ಲೋಕದಲ್ಲಿ ಕೆಲವರು ಆಚರಿಸುತ್ತಾರಂತೆ. ನಮ್ಮಲ್ಲಿ ಆ ಹೊತ್ತಿಗೆ ಆಷಾಢದ ಮಳೆ, ಕರೆಂಟೇ ಇರುವುದಿಲ್ಲ.

ಲಿನಕ್ಸ್ ಎಂಬ ಹೆಸರು ನನಗೆ ಅವನಿಂದ ಬಂದದ್ದಲ್ಲ. 2011ರ ಸುಮಾರಿಗೆ ನಮ್ಮ ರಾಜ್ಯದ ಪ್ರೌಢಶಾಲೆಗಳಲ್ಲಿ ‘ವಿಷಯ ಶಿಕ್ಷಕರ ವೇದಿಕೆ’ ಎಂಬ ತರಬೇತಿ ಶುರುವಾಯಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಅದರಲ್ಲಿದ್ದುದು ವಿಂಡೋಸ್ ಅಲ್ಲ, ಉಬುಂಟು ಎಂಬ ಲಿನಕ್ಸಿನ ಒಂದು ರೂಪ. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಒಂದು ಸಿ.ಡಿ. ಇದ್ದರೆ ಹತ್ತು ಶಾಲೆಗೆ ಹಾಕಬಹುದು, ಹಾಗೆ ಹಂಚುವುದು ಕಳ್ಳತನವಲ್ಲ ಎಂದು ಹೇಳಿಕೊಟ್ಟಾಗ ನಮಗೆಲ್ಲ ಸ್ವಲ್ಪ ಅನುಮಾನವೇ. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇರುತ್ತದೆಯೇ ಎಂದು ಪಕ್ಕದಲ್ಲಿದ್ದ ಗಣಿತದ ಮೇಡಂ ನನ್ನ ಕಿವಿಯಲ್ಲಿ ಕೇಳಿದ್ದರು.

ಅದರ ಕಥೆ ಚಿಕ್ಕದಾಗಿ ಹೇಳುತ್ತೇನೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಅವರ ಗೆಳೆಯರು ಯುನಿಕ್ಸ್ ಎಂಬ ವ್ಯವಸ್ಥೆ ಕಟ್ಟಿದರು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬಾತ, ಯಾರು ಬೇಕಾದರೂ ಓದಿ ತಿದ್ದಿ ಹಂಚಬಹುದಾದ ಅಂಥದೇ ವ್ಯವಸ್ಥೆಯನ್ನು ಕಟ್ಟುತ್ತೇನೆಂದು ಘೋಷಿಸಿ ಬಿಡಿ ಭಾಗಗಳನ್ನೆಲ್ಲ ಮಾಡುತ್ತಾ ಬಂದ. ನಡುವಿನ ತಿರುಳು ಮಾತ್ರ ಬಾಕಿ ಇತ್ತು. 1991ರ ಆಗಸ್ಟಿನಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ 21 ವರ್ಷದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತಾನು ಹವ್ಯಾಸಕ್ಕೆಂದು ಅಂಥದೊಂದು ತಿರುಳನ್ನು ಬರೆಯುತ್ತಿದ್ದೇನೆಂದು ಲೋಕಕ್ಕೆ ತಿಳಿಸಿದ. ಮುಂದಿನ ವರ್ಷ ಅದನ್ನೂ ಸ್ಟಾಲ್‌ಮನ್ನನ ಪರವಾನಗಿಯಲ್ಲೇ ಎಲ್ಲರಿಗೂ ಬಿಟ್ಟುಕೊಟ್ಟ. ಅಲ್ಲಿಂದ ಇಲ್ಲಿಯವರೆಗೆ ಸಾವಿರಾರು ಜನ ಸೇರಿ ಬೆಳೆಸಿದ್ದಾರೆ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗಿರುವ ತಿರುಳೂ ಅದೇ. ಸೀರೆ ಅಂಗಡಿಯ ಫೋಟೋ ನೋಡುವಾಗ ನೀವು ಲಿನಕ್ಸಿನ ಮೇಲೆ ಕೂತಿದ್ದೀರಿ ಎಂದರೆ ನಂಬುತ್ತೀರಾ?

ಈ ಯುನಿಕ್ಸ್, ಲಿನಕ್ಸಿನವರಿಗೆ ಒಂದು ಗಾದೆಯಂಥ ನಂಬಿಕೆಯಿದೆ: ಎಲ್ಲವೂ ಕಡತವೇ. ಪತ್ರ ಕಡತ, ಚಿತ್ರ ಕಡತ ಎನ್ನುವುದು ಸರಿ. ಕೀಲಿಮಣೆಯೂ ಡಿಸ್ಕೂ ಕೂಡ ಆ ವ್ಯವಸ್ಥೆಯ ಕಣ್ಣಿಗೆ ಒಂದೊಂದು ಕಡತದಂತೆಯೇ ಕಾಣುತ್ತವೆ. ಓದುವುದು, ಬರೆಯುವುದು, ಇವೆರಡು ಗೊತ್ತಿದ್ದರೆ ಯಂತ್ರದ ಜೊತೆ ಮುಕ್ಕಾಲು ಸಂಸಾರ ನಡೆಯುತ್ತದೆ. ಇದನ್ನು ಕೇಳಿದ ಮೇಲೆಯೇ ನನಗೆ ನಮ್ಮ ಕೆಳದಿಯ ಕಡತಗಳೂ ಇವನ ಕಪ್ಪು ಪರದೆಯೂ ಒಂದೇ ಮನೆತನದವು ಎನಿಸತೊಡಗಿದ್ದು. ಇಬ್ಬರದೂ ಕಪ್ಪಿನ ಮೇಲೆ ಬಿಳಿ ಅಕ್ಷರ, ನೋಡಿ!

ಅವನು ನನಗೆ ಹೇಳಿಕೊಟ್ಟ ಮೊದಲ ಪಾಠ, ಯಂತ್ರ ಏನು ಹೇಳುತ್ತಿದೆ ಎಂಬುದನ್ನು ಮೊದಲು ಓದಬೇಕು ಎನ್ನುವುದು. ಶಾಲೆಯ ಕಂಪ್ಯೂಟರ್ ಕೆಟ್ಟರೆ ನಾವೆಲ್ಲ ಮಾಡುತ್ತಿದ್ದುದು ಒಂದೇ ಉಪಾಯ: ಆರಿಸಿ ಮತ್ತೆ ಹಾಕುವುದು. ಪರದೆಯ ಮೇಲೆ ಬಂದ ಸಂದೇಶವನ್ನು ನೊಣ ಓಡಿಸುವಂತೆ ಒತ್ತಿ ಓಡಿಸುವುದು. “ದೊಡ್ಡಮ್ಮ, ಅದು ಬಾಯಿಬಿಟ್ಟು ಎಲ್ಲಿ ನೋವು ಅಂತ ಹೇಳ್ತಾ ಇದೆ, ನೀವು ಬಾಯಿ ಮುಚ್ಚು ಅಂತೀರಿ” ಎಂದ. ಲಿನಕ್ಸಿನಲ್ಲಿ ‘ಲಾಗ್’ ಎಂಬ ದಿನಚರಿಗಳಿವೆ. ಯಾರು ಯಾವಾಗ ಒಳಬಂದರು, ಯಾವ ಕೆಲಸ ಎಷ್ಟು ಹೊತ್ತಿಗೆ ನಿಂತಿತು, ಡಿಸ್ಕು ಎಲ್ಲಿ ಎಡವಿತು ಎಂಬುದನ್ನೆಲ್ಲ ಗಂಟೆ, ನಿಮಿಷ, ಸೆಕೆಂಡು ಸಮೇತ ಅದು ತನ್ನಷ್ಟಕ್ಕೆ ಬರೆದಿಡುತ್ತದೆ. ತೊಂದರೆ ಬಂದಾಗ ಊಹೆ ಮಾಡಬಾರದು, ದಿನಚರಿ ತೆಗೆದು ಕೊನೆಯಿಂದ ಓದಿಕೊಂಡು ಬರಬೇಕು. ಪ್ರಶ್ನೆಯನ್ನೇ ಓದದೆ ಉತ್ತರ ಬರೆಯುವ ಹತ್ತನೇ ತರಗತಿಯ ಮಕ್ಕಳಿಗೆ ನಾನು ಇಪ್ಪತ್ತೈದು ವರ್ಷದಿಂದ ಹೇಳಿದ್ದೂ ಇದನ್ನೇ.

ದಿನಚರಿಯ ಮಹಿಮೆಯನ್ನು ನಮ್ಮವನೊಬ್ಬ ಬಹಳ ಮೊದಲೇ ಬಲ್ಲವನಾಗಿದ್ದ. 1645ರಿಂದ 1660ರವರೆಗೆ ಬಿದನೂರಿನಿಂದ ಆಳಿದ ಶಿವಪ್ಪನಾಯಕ. ‘ಶಿವಪ್ಪನಾಯಕನ ಶಿಸ್ತು’ ಎಂಬುದನ್ನು ನೀವೂ ಶಾಲೆಯಲ್ಲಿ ಒಂದಂಕದ ಪ್ರಶ್ನೆಗೆ ಬಾಯಿಪಾಠ ಮಾಡಿರುತ್ತೀರಿ. ಆದರೆ ಅದು ಹೇಗೆ ಆಯಿತೆಂಬುದು ಅಂಕಕ್ಕಿಂತ ಸೊಗಸು. ಕಂದಾಯವನ್ನು ಬಾಯಿಗೆ ಬಂದಂತೆ ಗೊತ್ತುಮಾಡಲಿಲ್ಲ. ಊರೂರಿನಲ್ಲಿ ಒಂದೊಂದು ಭೂಮಿಯನ್ನು ಅರಮನೆಯ ಖರ್ಚಿನಲ್ಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ಆದ ಖರ್ಚೆಷ್ಟು, ಬಂದ ಬೆಳೆಯೆಷ್ಟು, ಅದರ ಬೆಲೆಯೆಷ್ಟು ಎಂದು 12 ವರ್ಷ ಬಿಡದೆ ಬರೆಸಿದನೆಂದು ಚರಿತ್ರೆ ಹೇಳುತ್ತದೆ. ಅದರ ಸರಾಸರಿಯ ಮೇಲೆ ಭೂಮಿಯನ್ನು ಉತ್ತಮದಿಂದ ಅಧಮಾಧಮದವರೆಗೆ ಐದು ತರಗತಿ ಮಾಡಿ, ಹುಟ್ಟುವಳಿಯ ಮೂರರಲ್ಲೊಂದು ಪಾಲನ್ನು ನಿಗದಿ ಮಾಡಿದ. 12 ವರ್ಷ! ಒಂದು ಬರ, ಎರಡು ಅತಿವೃಷ್ಟಿ, ಒಂದಿಷ್ಟು ಸುಭಿಕ್ಷ ಎಲ್ಲವೂ ಆ ಲೆಕ್ಕದೊಳಗೆ ಬಂದುಹೋಗಿರಬೇಕು. ಇದನ್ನು ಹೇಳಿದಾಗ ನಮ್ಮ ಹುಡುಗ ಊಟದ ತಟ್ಟೆಯಲ್ಲಿ ಕೈ ಹಾಗೆಯೇ ಇಟ್ಟುಕೊಂಡು ಕೇಳಿದ. ಅವರ ಕಂಪನಿಯಲ್ಲಿ 90 ದಿನದ ಲಾಗ್ ಇಟ್ಟು ಹಳೆಯದನ್ನು ಒರೆಸುತ್ತಾರಂತೆ.

ಒರೆಸದಿದ್ದರೂ ಕಷ್ಟವೇ. ನಡುರಾತ್ರಿ ಅವನ ಫೋನು ಬಡಿದುಕೊಂಡರೆ ಎಷ್ಟೋ ಸಲ ಕಾರಣ ಒಂದೇ ಆಗಿರುತ್ತಿತ್ತು: ಡಿಸ್ಕು ತುಂಬಿದೆ. ದಿನಚರಿ ಬರೆದು ಬರೆದೇ ಜಾಗ ಮುಗಿದು, ಬರೆಯಲು ಜಾಗವಿಲ್ಲದೆ ಯಂತ್ರ ಮೂಕವಾಗಿ ಕೂತಿರುತ್ತದೆ. ಅದಕ್ಕೇ ವಾರಕ್ಕೊಮ್ಮೆ ಹಳೆಯದನ್ನು ಒತ್ತಿ ಚಿಕ್ಕದು ಮಾಡಿ ಪಕ್ಕಕ್ಕಿಡುವ ಏರ್ಪಾಡು ಮೊದಲೇ ಮಾಡಿರಬೇಕು. ನಮ್ಮ ಅಟ್ಟಗಳ ಕಥೆಯೂ ಇದೇ ಅಲ್ಲವೆ? ಎಂದೋ ಬೇಕಾದೀತೆಂದು ಒಡೆದ ಹಂಡೆಯಿಂದ ಮದುವೆಯ ಚಪ್ಪರದ ಗಳುವಿನವರೆಗೆ ಏರಿಸಿ, ಕೊನೆಗೆ ಮಳೆಗಾಲಕ್ಕೆ ಕಟ್ಟಿಗೆ ಇಡಲು ಜಾಗವಿಲ್ಲ.

ಎರಡನೆಯ ಪಾಠ ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ಅದೇ ಸ್ವಲ್ಪ ಹೆಚ್ಚು ಹೇಳುತ್ತೇನೆ. ಲಿನಕ್ಸಿನಲ್ಲಿ ಪ್ರತಿಯೊಂದು ಕಡತದ ಹಣೆಯ ಮೇಲೂ ಅನುಮತಿ ಬರೆದಿರುತ್ತದೆ. ಮೂರು ಕೆಲಸ: ಓದುವುದು, ಬರೆಯುವುದು, ನಡೆಸುವುದು. ಮೂರು ಬಗೆಯ ಜನ: ಒಡೆಯ, ಅವನ ಗುಂಪು, ಉಳಿದವರು. ಓದಲು 4, ಬರೆಯಲು 2, ನಡೆಸಲು 1 ಎಂದು ಕೂಡಿಸಿ ಒಂದು ಮೂರಂಕಿಯ ಸಂಖ್ಯೆ. 600 ಎಂದರೆ ಒಡೆಯ ಮಾತ್ರ ಓದಿ ಬರೆಯಬಹುದು, ಬೇರೆ ಯಾರಿಗೂ ಏನೂ ಇಲ್ಲ. 644 ಎಂದರೆ ಒಡೆಯ ಬರೆಯುತ್ತಾನೆ, ಉಳಿದವರೆಲ್ಲ ಓದಬಹುದು. 777 ಎಂದರೆ ಬಾಗಿಲೇ ಇಲ್ಲದ ಮನೆ. ಈ ಸಂಖ್ಯೆಗಳನ್ನು ಅವನು ಹಾಳೆಯ ಮೇಲೆ ಬರೆದು ತೋರಿಸುತ್ತಿದ್ದ ಹಾಗೆಯೇ ನನಗೆ ನೆನಪಾದದ್ದು ಶಾನುಭೋಗರು.

ಶಾನುಭೋಗಿಕೆ ವಂಶಪಾರಂಪರ್ಯವಾಗಿ ಬರುತ್ತಿದ್ದ ಕೆಲಸ. ಊರಿನ ಭೂಮಿ, ಕಂದಾಯ, ಗೇಣಿ ಎಲ್ಲದರ ಲೆಕ್ಕ ಅವರ ಕಡತದಲ್ಲಿ. ಅಕ್ಷರ ಬಲ್ಲವರೇ ಕಡಿಮೆಯಿದ್ದ ಕಾಲ. ಬಲ್ಲವರಿಗೂ ಅವರ ಮೋಡಿ ಅಕ್ಷರ ಓದಲು ಬಾರದು. ಅಂದರೆ 600. ಒಡೆಯನೊಬ್ಬನೇ ಓದುತ್ತಾನೆ, ಅವನೊಬ್ಬನೇ ಬರೆಯುತ್ತಾನೆ. ಜೊತೆಗೆ ವಿಲ್ಕ್ಸ್ ಹೇಳಿದ ಆ ಎರಡನೆಯ ಗುಣವನ್ನು ಸೇರಿಸಿಕೊಳ್ಳಿ: ಕಡತವನ್ನು ಅಳಿಸಿ ಬರೆಯಬಹುದು, ಅಳಿಸಿದ ಗುರುತೂ ಉಳಿಯದು. ಶಾನುಭೋಗರೆಲ್ಲ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಪ್ರಾಮಾಣಿಕರಾಗಿ ಬಾಳಿ, ಬಡವರಾಗಿಯೇ ತೀರಿಕೊಂಡವರ ಮನೆಗಳು ನನಗೂ ಗೊತ್ತು. ಆದರೆ ಪ್ರಾಮಾಣಿಕನೋ ಅಲ್ಲವೋ ಎಂದು ನೋಡಲು ಊರಿನವನಿಗೆ ದಾರಿಯೇ ಇಲ್ಲದ ಏರ್ಪಾಡು ಅದು. 

ಅದರ ಬಿಸಿ ನಮ್ಮ ಸಾಗರಕ್ಕೆ ತಟ್ಟಿದ್ದು 1951ರಲ್ಲಿ. ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಗೇಣಿಯ ಭತ್ತ ಅಳೆಯುವಾಗ ಒಡೆಯರ ಮನೆಯ ಕೊಳಗ ದೊಡ್ಡದು ಎಂಬುದು ಅವರ ಮುಖ್ಯ ದೂರುಗಳಲ್ಲೊಂದು. ಕೊಳಗ ಎಂಬ ಹೆಸರು ಒಂದೇ, ಅಳತೆ ಬೇರೆ ಬೇರೆ. ಎಚ್. ಗಣಪತಿಯಪ್ಪನವರು, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮುಂದೆ 1974ರಲ್ಲಿ ಉಳುವವನೇ ಹೊಲದೊಡೆಯ ಎಂಬ ಕಾನೂನು ಜಾರಿಗೆ ಬಂದಾಗ ಏಳನೇ ನಂಬರಿನ ಫಾರಂ ತುಂಬಿ ‘ಡಿಕ್ಲರೇಷನ್’ ಹಾಕಬೇಕಿತ್ತು. ಆಗ ಕೇಳಿದ್ದು ಏನನ್ನು? ಪಹಣಿಯಲ್ಲಿ ಹೆಸರಿದೆಯೇ, ಗೇಣಿ ಚೀಟಿ ಇದೆಯೇ ಎಂದು. ಮೂವತ್ತು ವರ್ಷ ಗದ್ದೆಯ ಕೆಸರಿನಲ್ಲಿ ನಿಂತ ಕಾಲಿಗಿಂತ ಚೀಟಿ ಮುಖ್ಯವಾಯಿತು. ಚೀಟಿಯನ್ನು ಅಕ್ಕಿ ಮಡಕೆಯ ಅಡಿಯಲ್ಲೋ ಸೀರೆಯ ಮಡಿಕೆಯಲ್ಲೋ ಎತ್ತಿಟ್ಟಿದ್ದ ಹೆಂಗಸರು ಎಷ್ಟು ಮನೆಯ ಭೂಮಿ ಉಳಿಸಿದರೋ, ಅದನ್ನು ಯಾವ ಚರಿತ್ರೆಯೂ ಬರೆದಿಲ್ಲ. ಕಡತ ಕಾದ ಮೊದಲ ಅಡ್ಮಿನಿಸ್ಟ್ರೇಟರುಗಳು ಅವರೇ ಎಂದು ನನ್ನ ವಾದ.

ಶಾನುಭೋಗಿಕೆ 1961ರ ಕಾನೂನಿನಿಂದ ರದ್ದಾಗಿ, 1963ರ ಫೆಬ್ರವರಿಯಿಂದ ಸರ್ಕಾರಿ ಸಂಬಳದ ಗ್ರಾಮಲೆಕ್ಕಿಗರು ಬಂದರು. ಈ ಶತಮಾನದ ಮೊದಲ ವರ್ಷಗಳಲ್ಲಿ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿ, ಕೈಬರಹದ ಪಹಣಿ ನಿಂತೇಹೋಯಿತು. ಯಾರು ತಿದ್ದಿದರೆಂಬುದು ತಿಳಿಯಲೆಂದು ಅಲ್ಲಿ ಬೆರಳಚ್ಚು ಒತ್ತಿ ಒಳಹೋಗುವ ವ್ಯವಸ್ಥೆ ಮಾಡಿದರು. ಬಟ್ಟೆಯ ಕಡತಕ್ಕೆ ಇಲ್ಲದ ಗುಣ ಅದು. ಹಾಗೆಂದು ಎಲ್ಲ ದುಃಖವೂ ತೀರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ತುಂಬಿದಾಗ ಸಾಗರ, ಹೊಸನಗರದ ಎಷ್ಟೋ ಊರುಗಳು ಮುಳುಗಿದವು. ಅಲ್ಲಿಂದ ಎದ್ದುಬಂದು ಕಾಡಿನ ನಡುವೆ ಕೂತವರ ಮಕ್ಕಳು, ಮೊಮ್ಮಕ್ಕಳು ತಾವು ಕೂತ ನೆಲಕ್ಕೆ ಹಕ್ಕುಪತ್ರ ಕೊಡಿ ಎಂದು ಅರವತ್ತು ವರ್ಷ ಅಲೆದಿದ್ದಾರೆ. ಬರೆಯದೆ ಬಿಟ್ಟದ್ದನ್ನು ಯಾವ ಕಂಪ್ಯೂಟರೂ ತೆಗೆದುಕೊಡುವುದಿಲ್ಲ.

ಲಿನಕ್ಸಿನಲ್ಲಿ ಈ ಅನುಮತಿಗಳನ್ನೆಲ್ಲ ಮೀರಿದ ಒಬ್ಬ ಇದ್ದಾನೆ. ಅವನ ಹೆಸರು ‘ರೂಟ್’, ಬೇರು. ಅವನಿಗೆ ಬೀಗವೇ ಇಲ್ಲ. ಒಂದೇ ಸಾಲಿನ ಆಜ್ಞೆಯಲ್ಲಿ ಇಡೀ ಯಂತ್ರವನ್ನು ಬೋಳು ಮಾಡಬಲ್ಲ. ಅಡ್ಮಿನಿಸ್ಟ್ರೇಟರ್ ಅಂದರೆ ಆ ಶಕ್ತಿ ಕೈಯಲ್ಲಿರುವವನು. ಆದರೆ ಒಳ್ಳೆಯ ಅಡ್ಮಿನಿಸ್ಟ್ರೇಟರ್ ದಿನವಿಡೀ ರೂಟ್ ಆಗಿ ಕೂತಿರುವುದಿಲ್ಲವಂತೆ. ಸಾಮಾನ್ಯನಾಗಿಯೇ ಕೆಲಸ ಮಾಡುತ್ತಾನೆ. ಬೇಕಾದಾಗ ಮಾತ್ರ ‘ಸುಡೊ’ ಎಂಬ ಆಜ್ಞೆ ಹಾಕಿ ಆ ಒಂದು ಕೆಲಸದ ಮಟ್ಟಿಗೆ ಅಧಿಕಾರ ಎರವಲು ಪಡೆಯುತ್ತಾನೆ. ಪಡೆದದ್ದು ದಿನಚರಿಯಲ್ಲಿ ದಾಖಲಾಗುತ್ತದೆ. ಮೊದಲ ಸಲ ಸುಡೊ ಬಳಸುವವರಿಗೆ ಯಂತ್ರವೇ ಮೂರು ಬುದ್ಧಿಮಾತು ಹೇಳುವ ಪದ್ಧತಿಯಿದೆ: ಬೇರೆಯವರ ಖಾಸಗಿತನಕ್ಕೆ ಮರ್ಯಾದೆ ಕೊಡು, ಒತ್ತುವ ಮೊದಲು ಯೋಚಿಸು, ಅಧಿಕಾರ ದೊಡ್ಡದಾದಷ್ಟೂ ಹೊಣೆ ದೊಡ್ಡದು. ಯಂತ್ರದ ಬಾಯಲ್ಲಿ ಇಂಥ ಮಾತು ಹಾಕಿದವರು ಮೇಷ್ಟರ ಮನೆಯವರೇ ಇರಬೇಕು.

ಅಳಿಸುವ ವಿಷಯಕ್ಕೂ ಅವನದೊಂದು ಸೂತ್ರವಿದೆ. ಕಪ್ಪು ಪರದೆಯಲ್ಲಿ ಅಳಿಸಿದ್ದು ಕಸದ ಬುಟ್ಟಿಗೆ ಹೋಗುವುದಿಲ್ಲ, ಹೋಯಿತು ಅಂದರೆ ಹೋಯಿತು. ಆದ್ದರಿಂದ ಅಳಿಸು ಎಂಬ ಆಜ್ಞೆಯ ಮೊದಲು ಅದೇ ಸಾಲನ್ನು ತೋರಿಸು ಎಂಬ ಆಜ್ಞೆಯೊಡನೆ ಹಾಕಿ, ಬರುವ ಪಟ್ಟಿಯನ್ನು ಕಣ್ಣಲ್ಲಿ ಕಂಡು, ಆಮೇಲೆ ಅಳಿಸಬೇಕು. ಮೊರದಲ್ಲಿ ಹರಡಿ ನೋಡದೆ ಅಕ್ಕಿಯನ್ನು ಎಸರಿಗೆ ಹಾಕುತ್ತೇವೆಯೇ?

ಇನ್ನು ಪ್ರತಿ ಇಡುವ ಮಾತು. ಹೊಸನಗರ ತಾಲ್ಲೂಕಿನಲ್ಲಿ ಈಗ ನಗರ ಎಂದು ಕರೆಯುವ ಊರೇ ಹಿಂದಿನ ಬಿದನೂರು. (ತಾಲ್ಲೂಕು ಕಚೇರಿ ನಗರದಿಂದ ಕಲ್ಲೂರುಕಟ್ಟೆಗೆ ಬಂದು ಕಲ್ಲೂರುಕಟ್ಟೆ ಹೊಸನಗರವಾಯಿತು, ಹೊಸದು ಊರು, ಹಳೆಯದು ಹೆಸರು.) ಕೆಳದಿಯಲ್ಲಿ ಹುಟ್ಟಿ, ಇಕ್ಕೇರಿಯಲ್ಲಿ ಬೆಳೆದು, ಬಿದನೂರಿನಲ್ಲಿ ಮೆರೆದ ನಾಯಕರ ರಾಜಧಾನಿಯನ್ನು 1763ರಲ್ಲಿ ಹೈದರಾಲಿ ಹಿಡಿದ. ಕೋಟೆ ಕೈತಪ್ಪುವಾಗ ರಾಣಿ ವೀರಮ್ಮಾಜಿಯ ಅಪ್ಪಣೆಯಂತೆ ಅರಮನೆಗೆ ಬೆಂಕಿ ಇಡಲಾಯಿತು, ಹೈದರನು ಮೊದಲು ಮಾಡಿದ ಕೆಲಸ ಆ ಬೆಂಕಿ ನಂದಿಸಿದ್ದು ಎಂದು ವಿಲ್ಕ್ಸ್ ಬರೆಯುತ್ತಾನೆ. ಎಲ್ಲರೂ ಆ ಅರಮನೆಯ ಹೊನ್ನಿನ ಲೆಕ್ಕ ಹಾಕುತ್ತಾರೆ. ನಾನು ಯೋಚಿಸುವುದು ಕಡತಗಳನ್ನು. ಬಟ್ಟೆ, ಅಂಟು, ಇದ್ದಿಲು, ಮರ. ಬೆಂಕಿಗೆ ಇನ್ನೇನು ಬೇಕು?

ಆದರೂ ಕೆಳದಿಯ ಚರಿತ್ರೆಯನ್ನು ಇಂದು ನಾವು ಇಷ್ಟಾದರೂ ಬರೆಯಬಲ್ಲೆವು. ಅರಮನೆಯಿಂದ ಹೊರಗೆ ಹೋದದ್ದು ಉಳಿದಿತ್ತು, ಅದಕ್ಕೆ. ಶೃಂಗೇರಿ ಮಠಕ್ಕೆ ನಾಯಕರು ಬರೆಸಿಕೊಟ್ಟದ್ದು ಮಠದ ಕಡತಗಳಲ್ಲಿತ್ತು. ಕಲ್ಲಿನ ಮೇಲೆ, ತಾಮ್ರದ ಮೇಲೆ ಕೆತ್ತಿಸಿದ್ದು ಊರೂರಿನ ದೇವಸ್ಥಾನಗಳಲ್ಲಿತ್ತು. ಮನೆಮನೆಯ ಅಟ್ಟದಲ್ಲಿ ತಾಳೆಗರಿ ಇತ್ತು. ಗರಿ ಹಳತಾಗಿ ಮುರಿಯತೊಡಗಿದಾಗ ಹೊಸ ಗರಿಗೆ ಯಾರೋ ನಕಲು ಮಾಡಿದ್ದರು, ವರ್ಷಕ್ಕೊಮ್ಮೆ ಎಣ್ಣೆ ಸವರಿ ಬಿಸಿಲು ಕಾಣಿಸಿದ್ದರು. 1960ರ ದಶಕದ ಮೊದಲಲ್ಲಿ ಕೆಳದಿ ಗುಂಡಾಜೋಯಿಸರು ಇಂಥವನ್ನೆಲ್ಲ ಕೂಡಿಸಿ ಕೆಳದಿಯಲ್ಲಿ ಮ್ಯೂಸಿಯಂ ಕಟ್ಟಿದರು. ಅದು ಮುಂದೆ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿತು. ಸಾಗರದಿಂದ ಹತ್ತು ಕಿಲೋಮೀಟರೂ ಇಲ್ಲ, ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿಬನ್ನಿ.

ಲಿನಕ್ಸಿನವರು ಇದನ್ನೇ ‘ಮೂರು-ಎರಡು-ಒಂದು’ ಎನ್ನುತ್ತಾರೆ. ಬೇಕಾದ ವಸ್ತುವಿಗೆ ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನದಲ್ಲಿ, ಒಂದು ಬೇರೆ ಊರಲ್ಲಿ. ಫೋನಿನಲ್ಲಿ ಮಗಳ ಮದುವೆಯ ಸಾವಿರ ಫೋಟೋ ಇಟ್ಟುಕೊಂಡವರು ಇದನ್ನು ಗಮನಿಸಬೇಕು. ಫೋನಿನಲ್ಲಿರುವುದು ಒಂದು ಪ್ರತಿ. ಅದು ಬಚ್ಚಲ ಬಕೆಟ್ಟಿಗೆ ಬೀಳುವ ದಿನ ಯಾವುದೆಂದು ಪಂಚಾಂಗದಲ್ಲಿಲ್ಲ. ಹೊರಗೆ ಇಡುವ ಡಿಸ್ಕಿನಲ್ಲಿ ಒಂದು, ತವರುಮನೆಯಲ್ಲೋ ಅಂತರಜಾಲದಲ್ಲೋ ಇನ್ನೊಂದು. ಇಟ್ಟ ಪ್ರತಿಯನ್ನು ಆರು ತಿಂಗಳಿಗೊಮ್ಮೆ ತೆರೆದೂ ನೋಡಬೇಕು. ತೆರೆದು ನೋಡದ ಪ್ರತಿ ಪ್ರತಿಯೇ ಅಲ್ಲ ಎಂಬುದು ಅವನ ಖಂಡಿತ ಅಭಿಪ್ರಾಯ. ಮುಂಗಾರಿನ ಮೊದಲ ಗುಡುಗಿಗೆ ಮೋಡೆಮ್ಮಿನ ವಯರು ಕಿತ್ತಿಡುವುದನ್ನು ಮಾತ್ರ ನಾನು ಅವನಿಗೆ ಕಲಿಸಿದೆ. ಅದು ಬೆಂಗಳೂರಿನ ಪುಸ್ತಕದಲ್ಲಿರಲಿಲ್ಲ. ಇದೇ ಲೀನಸ್ 1996ರಲ್ಲಿ ತಮಾಷೆಯ ಮಾತೊಂದನ್ನು ಆಡಿದ್ದನಂತೆ. ಗಟ್ಟಿಗರು ಪ್ರತಿ ತೆಗೆದಿಡುವುದಿಲ್ಲ, ಮುಖ್ಯವಾದದ್ದನ್ನು ಲೋಕಕ್ಕೆ ಹಂಚಿಬಿಡುತ್ತಾರೆ, ಲೋಕವೇ ಇಟ್ಟುಕೊಳ್ಳುತ್ತದೆ ಎಂದು. ಉಪ್ಪಿನಕಾಯಿಯ ಪಾಕ ನಮ್ಮಲ್ಲಿ ಉಳಿದದ್ದು ಹಾಗೆಯೇ.

ಇಷ್ಟೆಲ್ಲ ನನಗೆ ಕೇವಲ ಮಾತಾಗಿ ಉಳಿಯದಿರಲು ಒಂದು ಕಾರಣವಿದೆ. 2003ರಲ್ಲಿ, ನಾನು ಆಗ ಕೆಲಸ ಮಾಡುತ್ತಿದ್ದ ಹಳ್ಳಿಯ ಶಾಲೆಯ ಹೆಣ್ಣುಮಕ್ಕಳು ತಮ್ಮ ಅಜ್ಜಿಯರಿಂದ ಮದುವೆಯ ಸೋಬಾನೆ ಪದಗಳನ್ನು ಕೇಳಿ ಬರೆದುಕೊಂಡು ಬಂದರು. 63 ಹಾಡು. ಹಸೆ ಬರೆಯುವಾಗ ಹೇಳುವುದು, ಅಕ್ಕಿ ತೊಳೆಯುವಾಗ ಹೇಳುವುದು, ಹೆಣ್ಣು ಒಪ್ಪಿಸುವಾಗ ಹೇಳುವುದು. ಪೇಟೆಯ ಡಿ.ಟಿ.ಪಿ. ಅಂಗಡಿಯೊಂದರಲ್ಲಿ ಟೈಪು ಮಾಡಿಸಿ ಸ್ಮರಣ ಸಂಚಿಕೆಗೆ ಎಂಟು ಹಾಡು ಹಾಕಿದರು, ಉಳಿದದ್ದು ಒಂದು ಸಿ.ಡಿ.ಯಲ್ಲಿ ಉಳಿಯಿತು. ಮಕ್ಕಳ ನೋಟುಪುಸ್ತಕಗಳು ಸೋರುವ ಮಾಡಿನ ಕೆಳಗೆ ಮುದ್ದೆಯಾದವು. ಅಂಗಡಿ ಮುಚ್ಚಿತು. ಅಜ್ಜಿಯರು ಒಬ್ಬೊಬ್ಬರಾಗಿ ಹೋದರು. 

2020ರ ಮಳೆಗಾಲದಲ್ಲಿ ಆ ಸಿ.ಡಿ. ಹಾಕಿ ತೆರೆದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಂಬು, ಡಾಲರ್ ಗುರುತು. ಒಂದೂ ಕನ್ನಡವಿಲ್ಲ. “ಇದು ಹಾಳಾಗಿಲ್ಲ ದೊಡ್ಡಮ್ಮ, ಕೊಳಗ ಬೇರೆ” ಎಂದ ನಮ್ಮ ಹುಡುಗ. ಕಾಗೋಡಿನ ಕಥೆ ಕೇಳಿದ್ದನಲ್ಲ. ಆ ಕಾಲದ ಕನ್ನಡ ತಂತ್ರಾಂಶಗಳು ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂರಿಸುತ್ತಿದ್ದವು, ಒಬ್ಬೊಬ್ಬರು ಒಂದೊಂದು ಕ್ರಮದಲ್ಲಿ. ಅದೇ ಫಾಂಟು ಇಲ್ಲದ ಯಂತ್ರಕ್ಕೆ ಅದು ಕನ್ನಡವೆಂದೇ ತಿಳಿಯದು. ಲೋಕದ ಎಲ್ಲ ಲಿಪಿಗೂ ಒಂದೇ ಕೊಳಗ ಎಂಬ ಯೂನಿಕೋಡ್ ಮೊದಲು ಹೊರಬಂದದ್ದು 1991ರ ಅಕ್ಟೋಬರಿನಲ್ಲಿ, ಲೀನಸ್ ತನ್ನ ತಿರುಳಿನ ಸುದ್ದಿ ಹೇಳಿದ ಎರಡೇ ತಿಂಗಳಿಗೆ. ಅದರಲ್ಲಿ ಕನ್ನಡಕ್ಕೂ ಜಾಗವಿತ್ತು. ಆದರೆ ನಮ್ಮ ಪೇಟೆಯ ಅಂಗಡಿಗಳಿಗೆ ಅದು ಬರಲು ಹದಿನೈದು ಇಪ್ಪತ್ತು ವರ್ಷ ಹಿಡಿಯಿತು. ಆ ನಡುವೆ ಟೈಪಾದ ಕನ್ನಡವೆಲ್ಲ ಹೀಗೆ ಬೇರೆ ಬೇರೆ ಕೊಳಗದಲ್ಲಿ ಬಿದ್ದಿದೆ: ಸಂಘದ ಲೆಕ್ಕ, ಊರಿನ ಚರಿತ್ರೆ, ಯಾರದೋ ಆತ್ಮಕಥೆ.

ಪುಟ ವಿನ್ಯಾಸದ ಹಳೆಯ ತಂತ್ರಾಂಶದ ಕಡತ ಅದಾದ್ದರಿಂದ ನಮ್ಮ ಯಾವ ಯಂತ್ರವೂ ತೆರೆಯಲಿಲ್ಲ. ಲಿನಕ್ಸಿನಲ್ಲಿ ‘ಸ್ಟ್ರಿಂಗ್ಸ್’ ಎಂಬ ಪುಟ್ಟ ಆಜ್ಞೆಯಿದೆ, ಎಂಥ ಕಡತದೊಳಗಿನಿಂದಲೂ ಅಕ್ಷರದಂತೆ ಕಾಣುವುದನ್ನು ಹೆಕ್ಕಿ ಹೊರಗೆ ಹಾಕುತ್ತದೆ, ಕಸದಲ್ಲಿ ಕಾಳು ಆರಿಸಿದ ಹಾಗೆ. ಹೆಕ್ಕಿ ತೆಗೆದದ್ದನ್ನು, ಕನ್ನಡದ ಹುಡುಗರು ಬರೆದು ಎಲ್ಲರಿಗೂ ಬಿಟ್ಟಿರುವ ಪರಿವರ್ತಕವೊಂದಕ್ಕೆ ಹಾಕಿದ. ಕನ್ನಡ ಬಂತು. ಅರ್ಕಾವತ್ತುಗಳು ಪಕ್ಕದ ಅಕ್ಷರಕ್ಕೆ ಜೋತುಬಿದ್ದಿದ್ದವು, ಸಾಲುಗಳು ಹಿಂದುಮುಂದಾಗಿದ್ದವು, ಆದರೂ ಕನ್ನಡ. ನಾನು ಎರಡು ತಿಂಗಳು ಕೂತು ತಿದ್ದಿದೆ. ತಿದ್ದಲು ತಿಳಿಯದ್ದನ್ನು ಹಾಡಿದವರ ಹೆಣ್ಣುಮಕ್ಕಳಿಗೆ ಫೋನು ಮಾಡಿ ಕೇಳಿದೆ. ಹೊಸನಗರದ ಕಡೆ ಕೊಟ್ಟಿದ್ದ ಒಬ್ಬಳು, ತೀರ್ಥಹಳ್ಳಿಯಲ್ಲಿ ಅಂಗನವಾಡಿ ನಡೆಸುವ ಇನ್ನೊಬ್ಬಳು, ಸಾಗರದಲ್ಲೇ ಇರುವ ಒಬ್ಬಳು. ಫೋನಿನಲ್ಲಿ ಒಂದು ಸಾಲು ಓದಿದರೆ ಮುಂದಿನ ಸಾಲನ್ನು ಅವರು ರಾಗದಲ್ಲಿ ಹೇಳುತ್ತಿದ್ದರು. ರಾಗವಿಲ್ಲದೆ ಹೇಳು ಎಂದರೆ ಮರೆತುಹೋಗುತ್ತಿತ್ತು.

57 ಹಾಡು ಪೂರ್ತಿಯಾಗಿವೆ. ಮೂರು ಊರಿನ ಮೂರು ಮನೆಯಲ್ಲಿ ಪ್ರತಿ ಇದೆ, ಒಂದು ಕಾಗದದ ಮೇಲೂ ಇದೆ. ಉಳಿದ ಆರರ ಸಾಲುಗಳೆಲ್ಲ ಸಿಕ್ಕಿವೆ, ಯಾವುದರ ಮುಂದೆ ಯಾವುದು ಎಂದು ಹೇಳುವವರು ಸಿಕ್ಕಿಲ್ಲ. ಅವನ್ನು ‘ಬಾಕಿ’ ಎಂಬ ಕಡತಕೋಶದಲ್ಲಿ ಇಟ್ಟಿದ್ದೇವೆ. ಒಳಗಿನ ಕಡತಗಳಿಗೆ ಯಾರು ಬೇಕಾದರೂ ಬರೆಯುವ ಹಾಗೆ 666 ಮಾಡು ಎಂದೆ ನಾನು. ಅವನು ಬಿಲ್‌ಕುಲ್ ಒಪ್ಪಲಿಲ್ಲ. ಚರ್ಚೆಯಾಗಿ ಕೊನೆಗೆ 664ಕ್ಕೆ ನಿಂತೆವು: ಓದುವುದು ಎಲ್ಲರೂ, ಬರೆಯುವುದು ನಾನು ಮತ್ತು ಗುಂಪಿನವರು. ಗುಂಪಿನಲ್ಲಿ ಆ ಮೂವರು ಹೆಣ್ಣುಮಕ್ಕಳ ಹೆಸರಿದೆ.